ಕೂಸಿಲ್ಲದ ಬಾಣಂತನ

೧೪ ಏಪ್ರಿಲ್ ೨೦೧೮, ಶನಿವಾರ. ಸ್ಟಾಕ್‌ಪೋರ್ಟ್

ಇಂಗ್ಲೆಂಡಿಗೆ ಬಂದು ವಾರವಾಯಿತು. ಇಂದು ಮೊದಲ ಸಲ ಬಿಸಿಲು ಕಂಡೆ. ಬಿಸಿಲು ಬಿದ್ದದ್ದೇ ತಡ, ಓಣಿಯ ಗಂಡಸರೆಲ್ಲ ಚಡ್ಡಿ ಹಾಕಿಕೊಂಡು ಹೊರಗೆ ಬಂದು ಹುಲ್ಲು ಕತ್ತರಿಸತೊಡಗಿದರು. ನಾನು ಸ್ವೆಟರಿನ ಮೇಲೆ ಶಾಲು ಹೊದ್ದು ಹಿತ್ತಲಿಗೆ ಹೋದೆ.

ಪಕ್ಕದ ಮನೆಯಾಕೆ ಬೇಲಿಯ ಆಚೆಯಿಂದ ತಾನಾಗಿ ಮಾತಾಡಿಸಿದಳು. ಹೆಸರು ಮೊರೀನ್. ಎಪ್ಪತ್ತೈದು ದಾಟಿರಬೇಕು. ಐರ್ಲೆಂಡಿನವಳು. ಚಿಕ್ಕ ವಯಸ್ಸಿನಲ್ಲಿ ನರ್ಸ್ ತರಬೇತಿಗೆಂದು ಮ್ಯಾಂಚೆಸ್ಟರಿಗೆ ಬಂದವಳು ಇಲ್ಲಿಯವಳೇ ಆಗಿಬಿಟ್ಟಳಂತೆ. ಗಂಡ ತೀರಿಕೊಂಡಿದ್ದಾನೆ. ನಾನು ಬಾಗಲಕೋಟೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು, ಮಗಳು ನೇತ್ರಾಳ ಬಾಣಂತನಕ್ಕೆ ಬಂದಿದ್ದೇನೆ ಎಂದು ಹೇಳಹೊರಟೆ. ಬಾಣಂತನ ಎಂಬುದಕ್ಕೆ ಇಂಗ್ಲಿಷಿನಲ್ಲಿ ಶಬ್ದ ಸಿಗಲಿಲ್ಲ. "ಕೂಸು ಹುಟ್ಟಿದ ಮೇಲೆ ನಾವು ತಾಯಿಯನ್ನೂ ಕೂಸಿನ ಹಾಗೆ ನೋಡಿಕೊಳ್ಳುತ್ತೇವೆ" ಎಂದೆ. ಮೊರೀನ್ ಬಹಳ ಹೊತ್ತು ತಲೆಯಾಡಿಸಿದಳು. "ನಮಗೆ ಯಾರೂ ಹಾಗೆ ಮಾಡಲಿಲ್ಲ" ಎಂದಳು.

ಅವಳ ಕೋಟಿನ ಮೇಲೆ 'ಬೇಡ' ಎಂದು ಬರೆದ ಬಿಲ್ಲೆ ಇತ್ತು. ಏನೆಂದು ಕೇಳಿದೆ. ಐರ್ಲೆಂಡಿನಲ್ಲಿ ಗರ್ಭಪಾತಕ್ಕೆ ಅನುಮತಿಯಿಲ್ಲ. ಅದನ್ನು ಸಂವಿಧಾನದಲ್ಲೇ ಬರೆದಿದ್ದಾರೆ. ಆ ಮಾತನ್ನು ತೆಗೆದುಹಾಕಬೇಕೋ ಬೇಡವೋ ಎಂದು ಮುಂದಿನ ತಿಂಗಳು ದೇಶವೆಲ್ಲ ಮತ ಹಾಕುತ್ತದಂತೆ. ಊರು ಬಿಟ್ಟು ಇಷ್ಟು ವರ್ಷವಾದ ಮೇಲೆ ಮೊರೀನಳಿಗೆ ಮತವಿಲ್ಲ. "ಬಿಲ್ಲೆಯನ್ನಾದರೂ ಹಾಕಿಕೊಳ್ಳಬಹುದಲ್ಲ" ಎಂದು ನಕ್ಕಳು. ನಾನು ವಾದಿಸಲಿಲ್ಲ. ಪರಿಚಯದ ಮೊದಲ ದಿನ.

೨೨ ಏಪ್ರಿಲ್, ರವಿವಾರ

ಮ್ಯಾಂಚೆಸ್ಟರಿನ ಒಂದು ಶಾಲೆಯ ಹಾಲ್‌ನಲ್ಲಿ ಬಸವ ಜಯಂತಿ ಮಾಡಿದರು. ಲೀಡ್ಸ್, ಷೆಫೀಲ್ಡ್ ಕಡೆಯಿಂದಲೂ ನಮ್ಮವರು ಬಂದಿದ್ದರು. ನೇತ್ರಾ ಹಸಿರು ಇಳಕಲ್ ಸೀರೆ ಉಟ್ಟು ಬಂದಿದ್ದಳು. ಐದು ತಿಂಗಳಾಯಿತು, ಹೊಟ್ಟೆ ಈಗ ತುಸು ಕಾಣುತ್ತದೆ. ಹೆಂಗಸರೆಲ್ಲ "ಕುಬಸ ಯಾವಾಗ್ರಿ?" ಎಂದು ಕೇಳಿದ್ದೇ ಕೇಳಿದ್ದು. ಬರುವ ರವಿವಾರ ಎಂದೆ. ಊರಿಂದ ಸೀಮಂತದ ಖಣ, ಬಳೆ ಎಲ್ಲ ತಂದಿದ್ದೇನೆ.

ಊಟದ ಹೊತ್ತಿಗೆ ಐರ್ಲೆಂಡಿನ ಮತದಾನದ ಮಾತು ಬಂತು. ಷೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿರುವ ಹಿರಿಯ ವೈದ್ಯರು ಡಾಕ್ಟರ್ ಸಂಗನಬಸಪ್ಪನವರ ಸುತ್ತ ಗುಂಪು ಕೂಡಿತ್ತು. ಯಾರೋ ಒಬ್ಬರು, "ಹೊಟ್ಟ್ಯಾಗಿಂದೂ ಜೀವಾನ ಅಲ್ರಿ?" ಎಂದರು. ನನಗೆ ತಡೆಯಲಾಗಲಿಲ್ಲ. ಆ ದೇಶದ ಆಸ್ಪತ್ರೆಯಲ್ಲಿ ತೀರಿಕೊಂಡವಳು ನಮ್ಮ ಬೆಳಗಾವಿಯ ಹುಡುಗಿ, ನಮ್ಮ ಸಮಾಜದವಳು. ಆರು ವರ್ಷದ ಹಿಂದೆ ಆಕೆಯ ಹೆಸರಿನಲ್ಲಿ ನಮ್ಮ ಶಾಲೆಯ ಹುಡುಗಿಯರನ್ನು ಕರೆದುಕೊಂಡು ನಾನು ಮೇಣಬತ್ತಿ ಹಿಡಿದು ನಡೆದಿದ್ದೇನೆ.

"ಕೂಸು ಉಳಿಯೂದಿಲ್ಲ ಅಂತ ಗೊತ್ತಾದ ಮ್ಯಾಲೂ ತಗಿಲಿಲ್ಲ. ತಾಯಿನೂ ಹೋದ್ಲು. ಅಂಥಾ ಕಾನೂನು ಯಾರಿಗೆ ಬೇಕ್ರಿ?" ಎಂದೆ.

ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಕಾರಿನಲ್ಲಿ ಬರುವಾಗ ನೇತ್ರಾ, "ಅವ್ವಾ, ಇನ್ನೂ ಟೀಚರ್ ಆಗೇ ಇದ್ದಿ ನೋಡು" ಎಂದು ನಕ್ಕಳು.

ನಾಳೆ ಸ್ಕ್ಯಾನ್ ಇದೆ.

೨೩ ಏಪ್ರಿಲ್, ಸೋಮವಾರ

ಸ್ಕ್ಯಾನ್ ಮಾಡುವ ಹುಡುಗಿ ಮೊದಲು ಮಾತಾಡುತ್ತಿದ್ದಳು. ಆಮೇಲೆ ಸುಮ್ಮನಾದಳು. ಆಮೇಲೆ ಎದ್ದು ಹೋಗಿ ಬೇರೊಬ್ಬರನ್ನು ಕರೆತಂದಳು. ನಮ್ಮನ್ನು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿದರು. ಆ ಕೋಣೆಯಲ್ಲಿ ಸೋಫಾ ಇತ್ತು, ಕಣ್ಣೊರೆಸುವ ಕಾಗದದ ಡಬ್ಬಿ ಇತ್ತು. ಡಬ್ಬಿ ನೋಡಿದ ಕೂಡಲೇ ನನಗೆ ತಿಳಿಯಿತು.

೨೪ ಏಪ್ರಿಲ್, ಮಂಗಳವಾರ

ಕುಬಸಕ್ಕೆ ಕರೆದವರಿಗೆಲ್ಲ ಫೋನ್ ಮಾಡಿ ಬೇಡವೆಂದೆ. ನೇತ್ರಾಳಿಗೆ ಜ್ವರ ಎಂದು ಹೇಳಿದೆ.

೨೬ ಏಪ್ರಿಲ್, ಗುರುವಾರ

ಇಂದು ದೊಡ್ಡ ವೈದ್ಯೆ ಎಲ್ಲವನ್ನೂ ಬಿಡಿಸಿ ಹೇಳಿದರು. ಕೂಸಿಗೆ ಎರಡೂ ಕಿಡ್ನಿ ಇಲ್ಲ. ಹಾಗಾಗಿ ಸುತ್ತ ಇರಬೇಕಾದ ನೀರಿಲ್ಲ. ನೀರಿಲ್ಲದಿದ್ದರೆ ಶ್ವಾಸಕೋಶ ಬೆಳೆಯುವುದಿಲ್ಲ. ದಿನ ತುಂಬಿ ಹುಟ್ಟಿದರೂ ಉಸಿರಾಡಲು ಆಗುವುದಿಲ್ಲ. ಕೆಲವು ನಿಮಿಷ, ಹೆಚ್ಚೆಂದರೆ ಕೆಲವು ಗಂಟೆ. ಇದಕ್ಕೆ ಮದ್ದಿಲ್ಲ. ನೇತ್ರಾ ಬಯಸಿದರೆ ದಿನ ತುಂಬುವವರೆಗೆ ಹೊರಬಹುದು, ಬಯಸಿದರೆ ಈಗಲೇ ಮುಗಿಸಬಹುದು. ಯಾವುದನ್ನು ಆರಿಸಿಕೊಂಡರೂ ನಾವು ಜೊತೆಗಿರುತ್ತೇವೆ ಎಂದರು.

ಮನೆಗೆ ಬಂದ ಮೇಲೆ ನೇತ್ರಾ ಕೋಟು ಕೂಡ ಬಿಚ್ಚದೆ ಹೇಳಿದಳು. "ನಾವಿಬ್ರೂ ಮಾತಾಡೀವಿ ಅವ್ವಾ. ಈಗ ಮುಗಸೂದು ಅಂತ."

ಅಳಿಯ ಬಸವಪ್ರಭು ಗೋಡೆಯ ಕಡೆ ನೋಡುತ್ತಿದ್ದರು.

"ಅವಸರ ಮಾಡಬ್ಯಾಡ" ಎಂದೆ. "ಡಾಕ್ಟರು ಹೇಳಿದ್ದೆಲ್ಲಾ ಖರೇ ಆಗ್ತೈತೇನು? ಇಲ್ಲೇ ಇನ್ನೊಬ್ಬರಿಗೆ ತೋರಸೋಣ."

"ಇಬ್ರು ನೋಡ್ಯಾರ."

"ಮತ್ತ ನಿನ್ನ ಜೀವಕ್ಕೇನೂ ಧಕ್ಕಿ ಇಲ್ಲಲಾ? ಹೊತ್ತು ಹಡಿ. ಆಮ್ಯಾಲ ಶಿವನ ಇಚ್ಛಾ."

"ನಾಕ್ ತಿಂಗಳು ಅವ್ವಾ! ಆಫೀಸಿನ್ಯಾಗ, ಟ್ರೇನಿನ್ಯಾಗ, ಕಂಡಕಂಡವರು ಯಾವಾಗ ಡೇಟ್ ಅಂತ ಕೇಳ್ತಾರ. ಹೊಟ್ಟ್ಯಾಗ ಒದ್ದಾಗೊಮ್ಮೆ ನಾ ಏನ್ ಅನ್ಕೋಬೇಕು? ಮೊನ್ನಿ ಹಾಲ್‌ನ್ಯಾಗ ಎಲ್ಲಾರ ಮುಂದ ಭಾಷಣಾ ಮಾಡಿದಾಕಿ ನೀನ ಅಲ್ಲೇನು?"

"ಅದು ಬ್ಯಾರೆ, ಇದು ಬ್ಯಾರೆ. ಅಲ್ಲಿ ತಾಯಿ ಜೀವಾ ಹೋಗೂದಿತ್ತು. ಶಿವ ಕೊಟ್ಟಾನ, ಶಿವ ಒಯ್ತಾನ. ನಡುವ ಕೊಲ್ಲಾಕ ನೀ ಯಾರು?"

ಆ ಶಬ್ದ ಬಾಯಿಂದ ಬಿತ್ತು. ನೇತ್ರಾ ಅಳಲಿಲ್ಲ. ಕೋಟಿನ ಗುಂಡಿ ಬಿಚ್ಚಿದಳು, ಗೂಟಕ್ಕೆ ಹಾಕಿದಳು, ಮೇಲೆ ಹೋದಳು.

ನಾನು ಹೇಳಿದ್ದರಲ್ಲಿ ತಪ್ಪೇನಿದೆ? ಅದು ಬೇರೆ, ಇದು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಬರುವುದಿಲ್ಲ.

೨೮ ಏಪ್ರಿಲ್, ಶನಿವಾರ

ಮನೆಯಲ್ಲಿ ಮಾತಿಲ್ಲ. ಬಟ್ಟೆ ಒಣಹಾಕಲು ಹೋದಾಗ ಮೊರೀನ್ ಬೇಲಿಯ ಹತ್ತಿರ ಇದ್ದಳು. "ಏನಾಯಿತು ಪ್ರಭಾ?" ಎಂದಳು. ಯಾರಾದರೂ ಹಾಗೆ ಕೇಳಿ ಎಷ್ಟೋ ದಿನವಾಗಿತ್ತು ಅನ್ನಿಸಿತು. ಎಲ್ಲವನ್ನೂ ಹೇಳಿಬಿಟ್ಟೆ.

ಮೊರೀನ್ ಬೇಲಿಯ ಮೇಲಿಂದ ನನ್ನ ಕೈ ಹಿಡಿದುಕೊಂಡಳು. ವಾರ್ಡಿನಲ್ಲಿ ಇಂಥವರನ್ನು ಕಂಡಿದ್ದೇನೆ ಎಂದಳು. "ಕೊನೆಯವರೆಗೆ ಹೊತ್ತು ಹೆತ್ತವರಿದ್ದಾರೆ. ಒಂದೇ ಗಂಟೆ ಎತ್ತಿಕೊಂಡರು. ಆದರೆ ಆ ಒಂದು ಗಂಟೆ ಅವರ ಪಾಲಿಗೆ ಸಿಕ್ಕಿತು. ಅದನ್ನು ಯಾರೂ ಕಸಿಯಲಾರರು."

ನನ್ನ ಮನಸ್ಸಿನಲ್ಲಿದ್ದದ್ದು ಇದೇ. ನನಗೆ ಹೇಳಲು ಬಂದಿರಲಿಲ್ಲ.

ಅವಳ ಮಗಳು ಕ್ಲೇರ್ ಮದುವೆಯಾಗಿ ಗಾಲ್ವೇಯಲ್ಲಿದ್ದಾಳೆ. ಅವಳು 'ಹೌದು' ಪಕ್ಷದ ಪರ ಮನೆಮನೆಗೆ ತಿರುಗುತ್ತಿದ್ದಾಳಂತೆ. ಈಸ್ಟರ್ ಹಬ್ಬದಲ್ಲಿ ಜಗಳವಾಗಿ ಇಬ್ಬರಿಗೂ ಮಾತು ನಿಂತಿದೆ. ನಾವಿಬ್ಬರೂ ಒಂದೇ ದೋಣಿಯಲ್ಲಿದ್ದೇವೆ ಅನ್ನಿಸಿತು. "ನೀನೇ ಒಮ್ಮೆ ನನ್ನ ಮಗಳ ಹತ್ತಿರ ಮಾತಾಡು, ನಿನ್ನ ಮಾತು ಕೇಳಿಯಾಳು" ಎಂದೆ.

೩೦ ಏಪ್ರಿಲ್, ಸೋಮವಾರ

ಮೊರೀನ್ ಬಂದಾಗ ಬಾಗಿಲು ತೆರೆದವಳು ನೇತ್ರಾ. ನಾನು ಮೆಟ್ಟಿಲ ಮೇಲಿದ್ದೆ. ಮೊರೀನ್ ತನ್ನ ಪ್ರಚಾರದ ಹಾಳೆಯೊಂದನ್ನು ಕೊಟ್ಟಳು. ಅದರ ಮೇಲೆ ಕೆಲವೇ ಗಂಟೆ ಬದುಕಿದ ಕೂಸನ್ನು ಎದೆಗೆ ಹಿಡಿದ ತಾಯಿಯ ಚಿತ್ರ. "ನಿನ್ನ ಅಮ್ಮ ನನಗೆ ಹೇಳಿದಳು, ಕಂದಾ. ಇದನ್ನು ಓದಿ ನೋಡು" ಎಂದಳು.

ನೇತ್ರಾ ಹಾಳೆ ತೆಗೆದುಕೊಂಡಳು. ಥ್ಯಾಂಕ್ಯೂ ಎಂದೂ ಅಂದಳು. ಬಾಗಿಲು ಮುಚ್ಚಿ ನನ್ನ ಕಡೆ ತಿರುಗಿದಳು.

"ನನ್ನ ಹೊಟ್ಟಿ ಸುದ್ದಿ ಓಣಿಗೆ ಹಂಚಿ ಬಂದಿ ಏನವ್ವಾ?"

"ಒಳ್ಳೇದಕ್ಕಂತ..."

"ಗುರುವಾರ ನಾನು ದವಾಖಾನಿಗೆ ಹೊಂಟೀನಿ. ನೀ ಬರಬ್ಯಾಡ."

ಸಂಜೆ ಬಸವಪ್ರಭು ಅವರಿಗೆ, ಬೇಗ ಊರಿಗೆ ಹೋಗುವ ಹಾಗೆ ನನ್ನ ಟಿಕೆಟ್ ಬದಲಿಸಿರಿ ಎಂದೆ. "ಜೂನ್ ಹತ್ತಕ್ಕ ಸಿಗ್ತೈತ್ರಿ ಅತ್ತಿ" ಎಂದರು. ಇರಿ ಅಂತ ಒಂದು ಮಾತು ಅನ್ನಲಿಲ್ಲ.

೧ ಮೇ, ಮಂಗಳವಾರ

ನೇತ್ರಾ ಆಸ್ಪತ್ರೆಗೆ ಹೋಗಿ, ಗುರುವಾರಕ್ಕೆ ಮುಂಚೆ ನುಂಗಬೇಕಾದ ಮೊದಲ ಗುಳಿಗೆ ತೆಗೆದುಕೊಂಡು ಬಂದಳು. ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

೩ ಮೇ, ಗುರುವಾರ

ಇಬ್ಬರೂ ಬೆಳಗ್ಗೆ ಹೋದರು. ಚೀಲ ಹಿಡಿದು ಹೋಗುವುದನ್ನು ಕಿಟಕಿಯಿಂದ ನೋಡಿದೆ. ಹೆರಿಗೆಗೆ ಹೋಗುವವರೂ ಹಾಗೇ ಹೋಗುತ್ತಾರೆ.

ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಹಿತ್ತಲಿನಲ್ಲಿ ಮೊರೀನ್ ಕರೆದಳು. ಕೇಳಿಸದವಳಂತೆ ಒಳಗೆ ಬಂದೆ.

ನಾನು ಹೊತ್ತು ಹೆತ್ತವಳು. ಅವಳಿಗೆ ನೋವು ಬಂದಾಗ ನಾನು ಇಲ್ಲಿ ಕುಳಿತು ಏನು ಮಾಡುತ್ತಿದ್ದೇನೆ?

೪ ಮೇ, ಶುಕ್ರವಾರ

ಬೆಳಗ್ಗೆ ಬಾಗಿಲ ಸಪ್ಪಳ. ಬಸವಪ್ರಭು ಬಂದಿದ್ದರು, ಕಣ್ಣು ಕೆಂಡದ ಹಾಗಿದ್ದವು. "ಬರ್ರಿ ಅತ್ತಿ. ಅವ್ವನ್ನ ಕರಕೊಂಡ ಬಾ ಅಂದಾಳ."

ಮೆತ್ತಗೆ ಅನ್ನ ಮಾಡಿದೆ, ಬೆಳ್ಳುಳ್ಳಿ ಮೆಣಸಿನ ಸಾರು ಮಾಡಿದೆ. ಯಾಕೆ ಮಾಡಿದೆನೋ ಗೊತ್ತಿಲ್ಲ. ಕೈ ತಾನೇ ಮಾಡಿತು. ಡಬ್ಬಿ ಕಟ್ಟಿಕೊಂಡು ಹೋದೆ.

ವಾರ್ಡಿನ ಕೊನೆಯ ಕೋಣೆ. ಬೇರೆ ಕೋಣೆಗಳ ಕೂಸುಗಳ ಅಳು ಕೇಳಿಸದಿರಲೆಂದು ದೂರ ಇಟ್ಟಿದ್ದಾರಂತೆ. ನೇತ್ರಾ ನನ್ನನ್ನು ನೋಡಿ ಕೈ ಚಾಚಿದಳು. ನೋವು ಬಂದಾಗ ನನ್ನ ಕೈಯನ್ನು ಹಿಂಡಿದಳು. ಇದೂ ಹೆರಿಗೆಯೇ. ಅದೇ ನೋವು, ಅದೇ ಬೆವರು, ಅದೇ "ಅವ್ವಾ ಅವ್ವಾ". ನನಗೆ ಯಾರೂ ಇದನ್ನು ಹೇಳಿರಲಿಲ್ಲ. ಗುಳಿಗೆ ಕೊಟ್ಟು ನಿದ್ದೆ ಬರಿಸಿ ತೆಗೆದುಬಿಡುತ್ತಾರೆ ಎಂದುಕೊಂಡಿದ್ದೆ.

ಮಧ್ಯಾಹ್ನ ಹುಟ್ಟಿತು. ಹೆಣ್ಣು. ಉಸಿರಿರಲಿಲ್ಲ. ಸೂಲಗಿತ್ತಿ ನರ್ಸ್ ಸಣ್ಣ ಹೆಣೆದ ಬಟ್ಟೆಯಲ್ಲಿ ಸುತ್ತಿ ನೇತ್ರಾಳ ಎದೆಯ ಮೇಲಿಟ್ಟಳು. ಆಮೇಲೆ ಬಸವಪ್ರಭು ಎತ್ತಿಕೊಂಡರು. ಆಮೇಲೆ ನನ್ನ ಕೈಗೆ ಬಂತು. ಎರಡು ಅಂಗೈಯಲ್ಲಿ ಹಿಡಿಯಿತು. ಉಗುರಿದ್ದವು. ಹಣೆ ಮಾತ್ರ ನಮ್ಮ ಮನೆಯವರದೇ, ಅಗಲ ಹಣೆ. ಚೀಲದಲ್ಲಿದ್ದ ವಿಭೂತಿ ತೆಗೆದು ಹಚ್ಚಿದೆ. ಎಷ್ಟು ಸಣ್ಣ ಹಣೆಯೆಂದರೆ ಒಂದೇ ಬೆರಳು ಸಾಕಾಯಿತು.

"ಬೆಚ್ಚಗೈತಿ ಇನ್ನೂ" ಎಂದೆ.

"ಹೂಂ" ಎಂದಳು ನೇತ್ರಾ.

ಅವರಿಬ್ಬರನ್ನೂ ಕೂಸಿನ ಜೊತೆ ಬಿಟ್ಟು ಹೊರಗೆ ಬಂದೆ. ಹೊರಸಾಲೆಯ ತುದಿಗೆ ಚಹಾ ಮಾಡಿಕೊಳ್ಳುವ ಸಣ್ಣ ಅಡುಗೆಮನೆ ಇದೆ. ಅಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ಆಸ್ಪತ್ರೆಯ ಗೌನಿನಲ್ಲಿ ನಿಂತು, ನೀರು ಕುದಿದು ಆರಿದರೂ ಸುಮ್ಮನೆ ನೋಡುತ್ತಿದ್ದಳು. ಮಾತು ಮೊರೀನಳ ಹಾಗಿತ್ತು.

"ನೀವು ಅಜ್ಜಿಯೇ?" ಎಂದು ಕೇಳಿದಳು.

ಹೌದು, ನಾನು ಅಜ್ಜಿ. ಆ ಮಾತು ಅಲ್ಲಿಯವರೆಗೆ ನನಗೇ ಹೊಳೆದಿರಲಿಲ್ಲ.

ಅವಳು ಕಾರ್ಕ್ ಎಂಬ ಕಡೆಯಿಂದ ಗಂಡನ ಜೊತೆ ವಿಮಾನದಲ್ಲಿ ಬಂದಿದ್ದಾಳೆ. ಅವಳ ಕೂಸಿಗೂ ಉಳಿಯದ ಕಾಯಿಲೆ; ನಿನ್ನೆ ಹಡೆದಿದ್ದಾಳೆ. ಅವಳ ದೇಶದ ವೈದ್ಯರು, 'ನಾವಿಲ್ಲಿ ಏನೂ ಮಾಡುವಂತಿಲ್ಲ' ಎಂದರಂತೆ. ಮನೆಯವರಿಗೆಲ್ಲ ರಜೆಗೆ ಹೋಗುತ್ತೇವೆಂದು ಹೇಳಿ ಬಂದಿದ್ದಾರೆ. ನಾಡಿದ್ದು ವಾಪಸು. ಕೂಸಿನ ಬೂದಿ ಆಮೇಲೆ ಅಂಚೆಯಲ್ಲಿ ಬರುತ್ತದಂತೆ.

"ನಿಮ್ಮ ಅಮ್ಮ?" ಎಂದೆ.

"ಅಮ್ಮ ಮನೆಮನೆಗೆ ಹೋಗಿ ಬೇಡ ಎಂದು ಮತ ಹಾಕಿ ಅಂತ ಕೇಳುತ್ತಿದ್ದಾಳೆ. ಈ ವಾರವೂ ಹೋಗಿರುತ್ತಾಳೆ." ನೀರನ್ನು ಮತ್ತೆ ಕಾಯಲು ಇಟ್ಟು ಅಂದಳು, "ಅವಳು ಕೆಟ್ಟವಳಲ್ಲ. ಹೇಳಿದ್ದರೆ ಬರುತ್ತಿದ್ದಳೋ ಏನೋ. ಕೇಳುವ ಧೈರ್ಯ ನನಗಾಗಲಿಲ್ಲ."

ಅವಳ ಎದುರಿನ ಕುರ್ಚಿಯಲ್ಲಿ ಕುಳಿತೆ. ಬಿಸಿ ಮಾಡಲೆಂದು ತಂದಿದ್ದ ಊಟದ ಡಬ್ಬಿ ಬಿಚ್ಚಿದೆ. ಇದು ಹಡೆದವರ ಊಟ, ಸ್ವಲ್ಪ ಖಾರ ಇರುತ್ತದೆ ಎಂದೆ. ಅವಳು ನಿಂತುಕೊಂಡೇ ಚಮಚದಲ್ಲಿ ತಿಂದಳು. ಮೂಗು ಒರೆಸಿಕೊಂಡು ಮತ್ತೆ ತಿಂದಳು. ಅರ್ಧ ಉಳಿಸಿ, "ನಿಮ್ಮ ಮಗಳಿಗೆ" ಎಂದಳು. ಹೆಸರು ಕೇಳಬೇಕಿತ್ತು. ಕೇಳಲಿಲ್ಲ.

೭ ಮೇ, ಸೋಮವಾರ

ಬ್ಯಾಂಕ್ ರಜೆ. ಇಂಗ್ಲೆಂಡಿನಲ್ಲಿ ಇಂಥ ಬಿಸಿಲು ಇರುತ್ತದೆಂದು ಯಾರೂ ಹೇಳಿರಲಿಲ್ಲ. ಓಣಿಯಲ್ಲೆಲ್ಲ ಮಾಂಸ ಸುಡುವ ವಾಸನೆ, ಮಕ್ಕಳ ಕೂಗಾಟ.

ನೇತ್ರಾಳಿಗೆ ಹಾಲು ಬಂತು.

ಬೆಳಗ್ಗೆ ಅಂಗಿ ಒದ್ದೆಯಾದದ್ದನ್ನು ನೋಡಿ ಮೊದಲು ಬೆವರು ಎಂದುಕೊಂಡಳು. ಆಮೇಲೆ ತಿಳಿದು, ಹಾಸಿಗೆಯ ಮೇಲೆ ಕುಳಿತು ಮೊದಲ ಸಲ ಗಟ್ಟಿಯಾಗಿ ಅತ್ತಳು. "ಇದಕ್ಯಾರು ಹೇಳಿಲ್ಲೇನವ್ವಾ? ಕೂಸಿಲ್ಲ ಅಂತ ಇದಕ್ಯಾರೂ ಹೇಳಿಲ್ಲೇನು?" ಎದೆ ಕಲ್ಲಾಗಿತ್ತು, ಮುಟ್ಟಿದರೆ ಚೀರುತ್ತಿದ್ದಳು. ನಮ್ಮ ಕಡೆಯಾದರೆ ಹಾಲು ಇಂಗಲೆಂದು ಮಲ್ಲಿಗೆ ಹೂವು ಕಟ್ಟುತ್ತಾರೆ. ಇಲ್ಲಿ ಮಲ್ಲಿಗೆ ಎಲ್ಲಿಂದ ತರಲಿ? ಆಸ್ಪತ್ರೆಯ ಫೋನು ಎತ್ತುವವರಿಲ್ಲ.

ಮೊರೀನಳ ಬಾಗಿಲು ಬಡಿದೆ. ಹಾಲು ಬಂದಿದೆ ಎಂದೆ, ಅಷ್ಟೇ. ಅವಳು ಚಪ್ಪಲಿ ಕೂಡ ಬದಲಿಸದೆ ಅಂಗಡಿಗೆ ಹೋಗಿ ಕೋಸುಗಡ್ಡೆ ತಂದಳು. ಎಲೆ ಬಿಡಿಸಿ, ನರ ಜಜ್ಜಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿಕೊಟ್ಟಳು. ಮೇಲೆ ಬರಲಿಲ್ಲ, ಮೆಟ್ಟಿಲ ಕೆಳಗೇ ನಿಂತಳು. ನೇತ್ರಾಳಿಗೆ ಹೇಳಿದೆ. ಮುಖ ಒರೆಸಿಕೊಂಡು, "ಬರ್ಲಿ ಬಿಡು" ಎಂದಳು.

ಮೊರೀನ್ ಬಂದು, ನರ್ಸುಗಳು ಮಾತಾಡುವ ತಗ್ಗಿದ ದನಿಯಲ್ಲಿ ಹೀಗೆ ತಿರುಗು, ಹೀಗೆ ಹಿಡಿ ಎನ್ನುತ್ತ ಎಲೆಗಳನ್ನಿಟ್ಟು ಬಟ್ಟೆ ಬಿಗಿದಳು. ಕೆಲಸ ಮುಗಿಸಿ ಹೊಸ್ತಿಲಲ್ಲಿ ನಿಂತು ನನಗೆ ಹೇಳಿದಳು: "ನನ್ನ ನಂಬಿಕೆ ಬದಲಾಗಿಲ್ಲ, ಪ್ರಭಾ. ಸುಳ್ಳು ಹೇಳಲಾರೆ. ಆದರೆ ಆ ಹಾಳೆ ಹಿಡಿದು ನಿನ್ನ ಮಗಳ ಬಾಗಿಲಿಗೆ ಬರಬಾರದಿತ್ತು."

ಕಳಿಸಿದವಳು ನಾನಲ್ಲವೇ.

ಇವತ್ತಿನಿಂದ ಬಾಣಂತನ ಶುರು ಮಾಡಿದೆ. ತಲೆಗೆ ಬಟ್ಟೆ ಕಟ್ಟಿದೆ. ಹೊಟ್ಟೆ ಬಿಗಿದೆ. ನೇತ್ರಾ ಕುಳಿತು ಕಟ್ಟಿಸಿಕೊಂಡಳು.

೧೦ ಮೇ, ಗುರುವಾರ

ನಮ್ಮವರಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಸ್ಮಶಾನದಲ್ಲಿ ಮಕ್ಕಳಿಗೆಂದೇ ಒಂದು ಮೂಲೆ ಇದೆ. ಗೋರಿಗಳ ಮೇಲೆ ಬಣ್ಣದ ಗಿರಗಿಟ್ಟಲೆ, ಕರಡಿ ಗೊಂಬೆ. ಷೆಫೀಲ್ಡಿನಿಂದ ಡಾಕ್ಟರ್ ಸಂಗನಬಸಪ್ಪನವರು ಬಂದರು. ಬೇರೆ ಯಾರನ್ನೂ ಕರೆದಿರಲಿಲ್ಲ.

ನನಗೊಂದು ಹೆದರಿಕೆ ಇತ್ತು. ಎಂಟನೇ ತಿಂಗಳಲ್ಲಿ ಹೊಟ್ಟೆಯ ಕೂಸಿಗೆ ಲಿಂಗ ಕಟ್ಟುವುದು ನಮ್ಮ ಪದ್ಧತಿ. ಈ ಕೂಸಿಗೆ ಆ ಯೋಗವಿರಲಿಲ್ಲ. ಲಿಂಗವಿಲ್ಲದ ಕೂಸನ್ನು ಹೇಗೆ ಕಳಿಸುವುದು ಎಂದು ಅವರನ್ನು ಬದಿಗೆ ಕರೆದು ಕೇಳಿದೆ.

"ಚಿಂತಿ ಮಾಡಬ್ಯಾಡ್ರಿ ಅಕ್ಕಾರ" ಎಂದರು. "ತಾಯಿ ಮೈಮ್ಯಾಲಿನ ಲಿಂಗ ಇಷ್ಟ ದಿನ ಆ ಕೂಸಿಗೂ ಇತ್ತಲ್ರಿ."

ಆಮೇಲೆ ಮೆಲ್ಲಗೆ, ನಮ್ಮ ದೇಶದಲ್ಲಾಗಿದ್ದರೆ ಇಪ್ಪತ್ತು ವಾರ ಮೀರಿದ್ದಕ್ಕೆ ಅನುಮತಿ ಕೇಳಲು ಕೋರ್ಟಿನ ಬಾಗಿಲಿಗೆ ಹೋಗಬೇಕಿತ್ತು ಎಂದರು. ನಾನು ಬಸವ ಜಯಂತಿಯ ದಿನ ಅವರ ಮುಂದೆ ಅಷ್ಟು ಜೋರಾಗಿ ಮಾತಾಡಿದ್ದು ನೆನಪಾಗಿ ತಲೆ ತಗ್ಗಿಸಿದೆ.

ಪೆಟ್ಟಿಗೆಯನ್ನು ಬಸವಪ್ರಭು ಒಬ್ಬರೇ ಹೊತ್ತರು. ಹೊರುವುದೇನು, ಎದೆಗವಚಿಕೊಂಡು ನಡೆದರು. ಕೂಸಿನ ಬಗ್ಗೆ ಇಷ್ಟು ದಿನ ಅವರು ಒಂದು ಮಾತೂ ಆಡದ್ದನ್ನು ಕಂಡು, ಗಟ್ಟಿ ಮನುಷ್ಯ ಅಂದುಕೊಂಡಿದ್ದೆ. ಮಣ್ಣು ಹಾಕಿದ ಮೇಲೆ ಹುಲ್ಲಿನ ಮೇಲೆ ಕುಳಿತವರಿಗೆ ಏಳಲಾಗಲಿಲ್ಲ. ನೇತ್ರಾ ಪಕ್ಕದಲ್ಲಿ ಕುಳಿತು ಬೆನ್ನು ಸವರಿದಳು.

೧೨ ಮೇ, ಶನಿವಾರ

ಊರಿನಲ್ಲಿ ಇಂದು ಎಲೆಕ್ಷನ್. ಮತ ಹಾಕಿ ಬಂದು ಯಜಮಾನರು ಫೋನ್ ಮಾಡಿದ್ದರು. "ಖರೇ ಏನಾತು ಹೇಳು" ಎಂದರು. ಹೊಟ್ಟೆಯಲ್ಲೇ ತೀರಿತ್ತು, ತಾನಾಗಿ ಹೋಯಿತು ಎಂದೆ. ಬೀಗರ ಮನೆಗೂ ಅದನ್ನೇ ಹೇಳಿರಿ ಎಂದೆ. ಹೀಗೆ ಹೇಳುವುದೇ ಎಲ್ಲರಿಗೂ ಒಳ್ಳೆಯದು.

ಫೋನ್ ಇಟ್ಟು ತಿರುಗಿದರೆ ನೇತ್ರಾ ಬಾಗಿಲಲ್ಲಿ ನಿಂತಿದ್ದಳು. ಕೇಳಿಸಿಕೊಂಡಿದ್ದಳು. ತಿರುಗಿ ಮೇಲೆ ಹೋದಳು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ.

೧೮ ಮೇ, ಶುಕ್ರವಾರ

ನೇತ್ರಾ ಇಂದೂ ಉಂಡದ್ದು ಅರ್ಧ ರೊಟ್ಟಿ.

೨೬ ಮೇ, ಶನಿವಾರ

ನಿನ್ನೆ ಐರ್ಲೆಂಡಿನಲ್ಲಿ ಮತದಾನ ಮುಗಿಯಿತು. ಎಲ್ಲೆಲ್ಲಿಂದಲೋ ಹುಡುಗ ಹುಡುಗಿಯರು ಮತ ಹಾಕಲೆಂದೇ ವಿಮಾನ ಹತ್ತಿ ಊರಿಗೆ ಹೋಗಿದ್ದನ್ನು ಟಿವಿಯಲ್ಲಿ ತೋರಿಸಿದರು. ಇಂದು ಫಲಿತಾಂಶ. ಮೂರರಲ್ಲಿ ಎರಡು ಪಾಲು ಜನ 'ಹೌದು' ಎಂದಿದ್ದಾರೆ. ಡಬ್ಲಿನ್‌ನ ಅರಮನೆಯ ಅಂಗಳದಲ್ಲಿ ಜನ ಕುಣಿಯುತ್ತಿದ್ದರು, ಒಬ್ಬರನ್ನೊಬ್ಬರು ಅಪ್ಪಿಕೊಂಡು ಅಳುತ್ತಿದ್ದರು. ಆಮೇಲೆ ಒಂದು ಗೋಡೆ ತೋರಿಸಿದರು. ಗೋಡೆಯ ತುಂಬ ನಮ್ಮ ಬೆಳಗಾವಿಯ ಹುಡುಗಿಯ ಮುಖ, ಹಣೆಯಲ್ಲಿ ಕುಂಕುಮ. ಅದರ ಸುತ್ತ ಜನ ಚೀಟಿ ಅಂಟಿಸುತ್ತಿದ್ದರು. ಚೀಟಿಗಳಲ್ಲಿ 'ಕ್ಷಮಿಸು' ಎಂದಿತ್ತು.

ನೇತ್ರಾ ನೋಡುತ್ತ ಕುಳಿತಿದ್ದಳು. ಜನ ಮತ್ತೆ ಕೂಗತೊಡಗಿದಾಗ ದನಿ ತಗ್ಗಿಸಿದಳು. "ಖುಷಿ ಪಡಬೇಕಾದ್ದ ಅವ್ವಾ. ನನಗ ಆಗವಲ್ದು."

ಆಸ್ಪತ್ರೆಯ ಅಡುಗೆಮನೆಯಲ್ಲಿ ಕಂಡ ಹೆಂಗಸಿನ ಸುದ್ದಿಯನ್ನು ಆಗ ಅವಳಿಗೆ ಹೇಳಿದೆ. ನೇತ್ರಾಳಿಗೆಂದು ಒಯ್ದ ಡಬ್ಬಿಯ ಅರ್ಧ ಯಾರು ಉಂಡರೆಂದು ಹೇಳಿದೆ. ಆ ಹೆಂಗಸಿನ ಅಮ್ಮನ ವಿಷಯವನ್ನೂ ಹೇಳಿದೆ. ನೇತ್ರಾ ಟಿವಿಯಿಂದ ಕಣ್ಣು ತೆಗೆಯದೆ ಕೇಳಿದಳು. "ಇವತ್ತು ಆಕಿ ಯಾರ ಮನ್ಯಾಗ ಕುಂತು ಇದನ್ನ ನೋಡಾಕತ್ತಾಳೋ" ಎಂದಳು.

ಮೊರೀ‌ನಳ ಮನೆಯ ಪರದೆ ದಿನವಿಡೀ ಸರಿದಿರಲಿಲ್ಲ. ಸಂಜೆ ಹೋದೆ. ಟಿವಿ ಇಲ್ಲ, ದೀಪ ಇಲ್ಲ, ಕುರ್ಚಿಯಲ್ಲಿ ಕೋಟು ಹಾಕಿಕೊಂಡೇ ಕುಳಿತಿದ್ದಳು. "ನನ್ನ ದೇಶ ನನಗೆ ಗುರುತು ಸಿಗದ ಹಾಗಾಯಿತು" ಎಂದಳು. ನಾನು ಚಹಾ ಮಾಡಿದೆ. ಫೋನ್ ಬಂತು. ಕ್ಲೇರ್ ಹೆಸರು ನೋಡಿ ಮೊರೀನ್ ಎತ್ತಲಿಲ್ಲ. "ಗೆದ್ದೆವು ಎನ್ನಲು ಮಾಡುತ್ತಿದ್ದಾಳೆ." ಎರಡನೇ ಸಲ ಬಂದಾಗ ನಾನೇ ಫೋನನ್ನು ಅವಳ ಕೈಯಲ್ಲಿಟ್ಟು ಹೊರಗೆ ಬಂದೆ.

ಆಮೇಲೆ ಬೇಲಿಯ ಹತ್ತಿರ ಬಂದು ಹೇಳಿದಳು: "ಹೇಗಿದ್ದೀಯ ಅಮ್ಮ ಅಂತ ಕೇಳಿದಳು. ಅಷ್ಟೇ."

೨ ಜೂನ್, ಶನಿವಾರ

ಹುಬ್ಬಳ್ಳಿಯಿಂದ ಬೀಗತಿಯ ಫೋನು. ನೇತ್ರಾಳ ಅತ್ತೆ. ಬಸವಪ್ರಭು ಅವರಿಗೆ ಮಾಡಿದ್ದು. ಅವರು ಸ್ನಾನಕ್ಕೆ ಹೋಗಿದ್ದರಿಂದ ನಾನು ಎತ್ತಿದೆ. ನೇತ್ರಾ ಎದುರಿಗೇ ಸೋಫಾದಲ್ಲಿದ್ದಳು. ಬೀಗತಿಯ ದನಿ ಜೋರು, ಇಡೀ ಕೋಣೆಗೆ ಕೇಳುತ್ತದೆ.

"ಅಲ್ರಿ, ಷೆಫೀಲ್ಡಿನ ಕಡಿಂದ ಯಾರೋ ಏನೇನೋ ಮಾತಾಡಾಕತ್ತಾರಂತ. ನಿಮ್ಮ ಮಗಳು ಕೂಸನ್ನ ತಗಿಸ್ಯಾಳಂತ. ಸುಳ್ಳ ಹೌದಲ್ರಿ? ತಾನಾಗೆ ಹೋತು ಅಂತ ಹೇಳಿದ್ರಿ ನೀವು."

ನೇತ್ರಾ ನನ್ನ ಮುಖ ನೋಡಲಿಲ್ಲ. ಕಾಲಿನ ಬೆರಳು ನೋಡಿಕೊಳ್ಳುತ್ತಿದ್ದಳು.

"ಸುಳ್ಳು ಹೇಳಿದಾಕಿ ನಾನ್ರಿ" ಎಂದೆ. "ಕೂಸಿಗೆ ಕಿಡ್ನಿ ಇರಲಿಲ್ಲ. ಉಸಿರಾಡೂ ಹಂಗಿರಲಿಲ್ಲ. ನೇತ್ರಾ, ನಿಮ್ಮ ಮಗಾ ಇಬ್ರೂ ಕೂಡಿ ಕಳಿಸಿಕೊಟ್ರು. ನಾನೂ ಅಲ್ಲೇ ಇದ್ದೆ. ನನ್ನ ಕೈಯಾರೆ ವಿಭೂತಿ ಹಚ್ಚೀನಿ."

"ಅಯ್ಯ ಶಿವನ! ತಾಯಾಗಿ ನೀವರ ತಡೀಬೇಕಿತ್ತಲ್ರಿ?"

"ಇಲ್ರಿ. ತಡೀಬಾರದಿತ್ತು."

ಆಕೆ ಇನ್ನೂ ಏನೋ ಅನ್ನುತ್ತಿದ್ದಳು. ಅಡುಗೆ ಒಲೆಯ ಮೇಲಿದೆ ಎಂದು ಹೇಳಿ ಇಟ್ಟೆ. ಒಲೆಯ ಮೇಲೆ ಏನೂ ಇರಲಿಲ್ಲ. ಯಜಮಾನರಿಗೂ ಆಮೇಲೆ ಫೋನ್ ಮಾಡಿ ಹೇಳಿದೆ. "ಹುಡುಗಿ ಹೆಂಗದಾಳ?" ಎಂದರು.

೪ ಜೂನ್, ಸೋಮವಾರ

ಇಂದು ಚೀಲ ತುಂಬಲು ಶುರು ಮಾಡಿದೆ. ನೇತ್ರಾ ಬಂದು ಹಾಸಿಗೆಯ ತುದಿಗೆ ಕುಳಿತಳು. ನಾನು ಮಡಚಿದ ಸೀರೆಯನ್ನು ಬಿಚ್ಚಿದಳು, ಮತ್ತೆ ಮಡಚಿದಳು.

"ಅವ್ವಾ, ಅವತ್ತು ನೀ ಅಂದಿದ್ದು ನಾ ಮರಿಯಂಗಿಲ್ಲ."

ಯಾವ ಮಾತು ಎಂದು ಕೇಳಬೇಕಾಗಿರಲಿಲ್ಲ. "ಮರೀಬ್ಯಾಡ" ಎಂದೆ.

"ಕಣ್ಣು ಮುಚ್ಚಿದ್ರ ಅದ ಕೇಳಿಸ್ತೈತಿ. ಡಾಕ್ಟರು ಹೇಳಿದ್ದಲ್ಲ, ನೀ ಹೇಳಿದ್ದು."

ಕೈಯಲ್ಲಿದ್ದ ಸೀರೆಯನ್ನು ಹಾಸಿಗೆಯ ಮೇಲಿಟ್ಟೆ. ಹೊರಗೆ ಯಾರೋ ಹುಲ್ಲು ಕತ್ತರಿಸುವ ಸಪ್ಪಳ.

"ಆದ್ರ ನೀ ಹೋಗಬ್ಯಾಡ" ಎಂದಳು.

ಬಸವಪ್ರಭು ಅವರಿಗೆ ಹತ್ತನೇ ತಾರೀಖಿನ ಟಿಕೆಟ್ ಬೇಡ ಎಂದೆ. ಮುಂದಿನ ವಾರ ನೇತ್ರಾ ಕೆಲಸಕ್ಕೆ ಹೋಗುತ್ತಾಳಂತೆ. ಬುತ್ತಿಗೆ ಏನು ಕಟ್ಟಲಿ ಎಂದು ಕೇಳಿದ್ದಕ್ಕೆ, "ಏನರ ಮಾಡು" ಎಂದಳು. ಚೀಲದಿಂದ ಸೀರೆಗಳನ್ನು ತೆಗೆದು ಕಪಾಟಿನಲ್ಲಿಟ್ಟೆ.